ಹದಿನಾಲ್ಕು ಮಂದಿಯ ಎದುರಿನ ಗೆಲುವು

ಸಕಲೇಶಪುರದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಪತ್ರದ ಸಾರ: "ಐರ್ಲೆಂಡಿನ ರಗ್ಬಿ ತಂಡ ನ್ಯೂಜಿಲೆಂಡಿಗೆ ಹೋಗಿ ಸರಣಿ ಗೆದ್ದದ್ದನ್ನು ಹಿಂದಿನ ಸಂಚಿಕೆಯಲ್ಲಿ ಕೊಂಡಾಡಿದ್ದೀರಿ. ಮೊದಲ ಟೆಸ್ಟಿನಲ್ಲಿ 23 ಅಂಕಗಳಿಂದ ಸೋತವರು, ಎರಡನೆಯದರಲ್ಲಿ ಎದುರಾಳಿಯೊಬ್ಬ ರೆಡ್ ಕಾರ್ಡ್ ಪಡೆದು ಹೊರಹೋದ ಮೇಲೆ ಗೆದ್ದರು. ಹದಿನಾಲ್ಕು ಮಂದಿಯನ್ನು ಹದಿನೈದು ಮಂದಿ ಸೋಲಿಸಿದ್ದು ಅದೃಷ್ಟವೇ ಹೊರತು ಸಾಮರ್ಥ್ಯವಲ್ಲ. ನಮ್ಮ ಕಬಡ್ಡಿಗೆ ಸಿಗದ ಎರಡು ಪುಟ ಇದಕ್ಕೇಕೆ?"

ಮಾನ್ಯ ಮೇಷ್ಟ್ರೇ,

ಕಬಡ್ಡಿಯ ಬಗ್ಗೆ ತಮ್ಮ ದೂರು ನ್ಯಾಯವಾದದ್ದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆಟಗಾರರ ಬಗ್ಗೆ ನಾವು ಬರೆಸಿದ್ದು ಕಡಿಮೆ, ಅದನ್ನು ಸರಿಪಡಿಸಿಕೊಳ್ಳುತ್ತೇವೆ. ರೆಡ್ ಕಾರ್ಡಿನ ವಿಷಯವನ್ನು ನಮ್ಮ ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿದ್ದೂ ತಪ್ಪೇ. ಆದರೆ ಆ ಗೆಲುವು ಅದೃಷ್ಟದ್ದು ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಐರ್ಲೆಂಡ್ ನ್ಯೂಜಿಲೆಂಡ್ ವಿರುದ್ಧ ಮೊದಲು ಆಡಿದ್ದು 1905ರಲ್ಲಿ. ಮೊದಲ ಸಲ ಗೆದ್ದದ್ದು 2016ರಲ್ಲಿ, ಅದೂ ಅಮೆರಿಕದ ಶಿಕಾಗೋದಲ್ಲಿ. ಆಮೇಲೆ ಡಬ್ಲಿನ್‌ನಲ್ಲಿ ಎರಡು ಬಾರಿ ಗೆದ್ದಿತಾದರೂ ನ್ಯೂಜಿಲೆಂಡಿನ ನೆಲದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. 2012ರ ಪ್ರವಾಸದಲ್ಲಿ ಹ್ಯಾಮಿಲ್ಟನ್‌ನಲ್ಲಿ 60–0ರಿಂದ ಸೋತಿತ್ತು. ಈ ಬಾರಿಯೂ, ಅಂದರೆ 2022ರ ಜೂನ್ 29ರಂದು, ಅದೇ ಊರಿನಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ತಂಡದೆದುರು 32–17ರಿಂದ ಸೋತೇ ಪ್ರವಾಸ ಆರಂಭಿಸಿತು. ಮೂರು ದಿನ ಕಳೆದು ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ, 1994ರ ನಂತರ ನ್ಯೂಜಿಲೆಂಡ್ ಸೋಲನ್ನೇ ಕಾಣದ ಮೈದಾನದಲ್ಲಿ, ಮೊದಲ ಟೆಸ್ಟ್ 42–19ಕ್ಕೆ ಕೈಬಿಟ್ಟಿತು.

ತಾವು ಎತ್ತಿ ತೋರಿಸಿದ 23 ಅಂಕಗಳ ಅಂತರ ಇದೇ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಅರ್ಧ ವಿರಾಮಕ್ಕೆ ಅಂಕ 28–5 ಇತ್ತು. ನಾಯಕ ಜಾನಿ ಸೆಕ್ಸ್‌ಟನ್ ತಲೆಗೆ ಪೆಟ್ಟು ತಿಂದು ಆಗಲೇ ಹೊರಗೆ ಹೋಗಿದ್ದರು. ಉಳಿದ ನಲವತ್ತು ನಿಮಿಷಗಳಲ್ಲಿ ಎರಡೂ ತಂಡಗಳು ಗಳಿಸಿದ್ದು ತಲಾ 14 ಅಂಕ. ಪಂದ್ಯ ಕೈತಪ್ಪಿದ ಮೇಲೂ, ನಾಯಕನೂ ಇಲ್ಲದೆ, ಅಂಥ ಮೈದಾನದಲ್ಲಿ ಸರಿಸಮವಾಗಿ ಆಡಿದ ತಂಡ ಮುಂದಿನ ವಾರ ಏನಾದರೂ ಮಾಡೀತು ಎಂದು ಅಂದೇ ಅನ್ನಿಸಬೇಕಿತ್ತು. ನನಗೂ ಅನ್ನಿಸಲಿಲ್ಲ.

ಇನ್ನು ಡುನೆಡಿನ್‌ನ ಎರಡನೆಯ ಟೆಸ್ಟ್. ಮೂವತ್ತು ನಿಮಿಷ ಕಳೆದ ಹೊತ್ತಿಗೆ ನ್ಯೂಜಿಲೆಂಡಿನ ಆಂಗಸ್ ಟಾವಾವೊ, ಐರ್ಲೆಂಡಿನ ಗ್ಯಾರಿ ರಿಂಗ್‌ರೋಸ್‌ಗೆ ತಲೆಗೆ ತಲೆ ಬಡಿಯುವಂತೆ ಡಿಕ್ಕಿ ಹೊಡೆದು ರೆಡ್ ಕಾರ್ಡ್ ಪಡೆದರು. ಅದಕ್ಕೂ ಮೊದಲೇ ಅವರ ತಂಡದ ಇಬ್ಬರಿಗೆ ಹತ್ತು ನಿಮಿಷ ಹೊರಗೆ ಕೂರಿಸುವ ಹಳದಿ ಕಾರ್ಡ್ ಸಿಕ್ಕಿತ್ತು. ಇದೆಲ್ಲ ನಿಜ. ಆದರೆ ಆಂಡ್ರ್ಯೂ ಪೋರ್ಟರ್ ಐರ್ಲೆಂಡಿನ ಮೊದಲ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರಿ ಅಂಕ ಪಡೆಯುವುದು) ಗಳಿಸಿದ್ದು ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ, ಇನ್ನೂ ಯಾವ ಕಾರ್ಡೂ ಹೊರಬಾರದೆ ಎರಡೂ ಕಡೆ ಹದಿನೈದು ಮಂದಿ ಇದ್ದಾಗ. ಎದುರಾಳಿ ಬಲ ಕಳೆದುಕೊಂಡ ಮೇಲೆ ಐರ್ಲೆಂಡಿನ ಆಟ ಸುಧಾರಿಸುವ ಬದಲು ಗಡಿಬಿಡಿಗೆ ಬಿದ್ದಿತು. ಅರ್ಧ ವಿರಾಮಕ್ಕೆ ಇದ್ದ ಮುನ್ನಡೆ ಬರೀ 10–7. ಕಬಡ್ಡಿ ಕಲಿಸಿದ ತಮಗೆ ಇದನ್ನು ನಾನು ಹೇಳಬೇಕಿಲ್ಲ. ಅಂಗಣದಲ್ಲಿ ಮೂವರೇ ಉಳಿದಿದ್ದಾರೆಂದು ಹಗುರವಾಗಿ ಒಳನುಗ್ಗಿದ ರೈಡರ್ ಸೂಪರ್ ಟ್ಯಾಕಲ್‌ಗೆ ಸಿಕ್ಕಿ ಎರಡು ಅಂಕ ಕೊಟ್ಟು ಬರುವುದನ್ನು ತಾವು ಎಷ್ಟು ಸಲ ನೋಡಿಲ್ಲ! ಐರ್ಲೆಂಡ್ ಆ ಗಡಿಬಿಡಿಯಿಂದ ಹೊರಬಂದು ಪೋರ್ಟರ್ ಅವರ ಇನ್ನೊಂದು ಟ್ರೈ ಮತ್ತು ಸೆಕ್ಸ್‌ಟನ್ ಅವರ ಒದೆತಗಳಿಂದ 23–12ಕ್ಕೆ ಪಂದ್ಯ ಮುಗಿಸಿತು. ಹಾಗಿದ್ದರೂ ತಮ್ಮ ವಾದಕ್ಕೆ ಬೆಲೆ ಕೊಟ್ಟು ಈ ಪಂದ್ಯವನ್ನು ಪಕ್ಕಕ್ಕಿಡೋಣ. ತಾವು ಪತ್ರದಲ್ಲಿ ಪ್ರಸ್ತಾಪಿಸದೇ ಬಿಟ್ಟ ಮೂರನೆಯ ಟೆಸ್ಟ್ ಇನ್ನೂ ಇದೆ.

ಜುಲೈ 16ರ ಶನಿವಾರ, ನಮ್ಮ ಮಧ್ಯಾಹ್ನ ಹನ್ನೆರಡೂವರೆ ದಾಟಿದಾಗ ವೆಲಿಂಗ್ಟನ್‌ನಲ್ಲಿ ಆಟ ಆರಂಭವಾಯಿತು. ಇಲ್ಲಿ ಹೊರಗೆ ಜಡಿಮಳೆ, ಕರೆಂಟು ಹೋಗಿತ್ತು. ಕಚೇರಿಯಲ್ಲಿ ನಾವು ಮೂವರು ಒಂದು ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ನೋಡುತ್ತಿದ್ದೆವು. ಮೊದಲ ಐದು ನಿಮಿಷಗಳೊಳಗೆ ಐರ್ಲೆಂಡಿನ ಮುಂಚೂಣಿ ಆಟಗಾರರು ಚೆಂಡನ್ನು ನಡುವೆ ಬಚ್ಚಿಟ್ಟುಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ಹೆಗಲು ಕೊಟ್ಟು, ಇಡೀ ಗುಂಪಾಗಿ ಗೆರೆಯ ಕಡೆಗೆ ತಳ್ಳಿಕೊಂಡು ಹೋದರು. ಇದಕ್ಕೆ ಮಾಲ್ ಎನ್ನುತ್ತಾರೆ. ನಮ್ಮ ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲಿ ಎಲ್ಲರ ಕಾಲೂ ಒಂದೇ ಲಯಕ್ಕೆ ಊರಿದಾಗ ಎದುರಿನವರು ಜಾರತೊಡಗುತ್ತಾರಲ್ಲ, ಅದೇ ಬಗೆ. ಇಲ್ಲಿ ಎಳೆಯುವ ಬದಲು ತಳ್ಳುತ್ತಾರೆ ಅಷ್ಟೆ. ಆ ಗುಂಪಿನ ಬಾಲದಲ್ಲಿ ಚೆಂಡು ಹಿಡಿದಿದ್ದ ಜೋಶ್ ವಾನ್ ಡರ್ ಫ್ಲಿಯರ್ ಗೆರೆಯಾಚೆ ಬಿದ್ದು ಟ್ರೈ ಗಳಿಸಿದರು. ಹ್ಯೂಗೊ ಕೀನನ್, ರಾಬಿ ಹೆನ್‌ಶಾ ಅವರ ಟ್ರೈಗಳೂ ಸೇರಿ ಅರ್ಧ ವಿರಾಮಕ್ಕೆ ಐರ್ಲೆಂಡ್ 22, ನ್ಯೂಜಿಲೆಂಡ್ 3. ಆ ಹೊತ್ತಿನವರೆಗೆ ಯಾರಿಗೂ ಕಾರ್ಡ್ ತೋರಿಸಿರಲಿಲ್ಲ.

ಆತಿಥೇಯರು ತಿರುಗಿಬಿದ್ದು ಅಂತರವನ್ನು 25–22ಕ್ಕೆ ಇಳಿಸಿದರು. ಹಿಂದಿನ ತಲೆಮಾರಿನ ಐರ್ಲೆಂಡ್ ತಂಡಗಳು ಕುಸಿಯುತ್ತಿದ್ದುದು ಇಂಥ ಘಳಿಗೆಯಲ್ಲೇ. ಈ ತಂಡ ಕುಸಿಯಲಿಲ್ಲ. ರಾಬ್ ಹೆರಿಂಗ್ ಇನ್ನೊಂದು ಟ್ರೈ ಗಳಿಸಿ 32–22ಕ್ಕೆ ಸರಣಿ ಮುಗಿಸಿದರು. ನ್ಯೂಜಿಲೆಂಡ್ ತವರಿನಲ್ಲಿ ಸರಣಿ ಸೋತದ್ದು, 1994ರಲ್ಲಿ ಫ್ರಾನ್ಸ್ ಎದುರು ಸೋತ ಮೇಲೆ, ಇದೇ ಮೊದಲು. ತರಬೇತುದಾರ ಆಂಡಿ ಫ್ಯಾರೆಲ್ ಅವರ ಬಗ್ಗೆ ನಮ್ಮ ಲೇಖನ ಬಳಸಿದ ವಿಶೇಷಣಗಳು ಹೆಚ್ಚಾದವೆಂದು ತಾವು ಹೇಳಿದರೆ ಒಪ್ಪುತ್ತೇನೆ. ಆದರೆ ಎರಡು ವಾರಗಳಲ್ಲಿ 28–5ರ ಹಿನ್ನಡೆಯಿಂದ 22–3ರ ಮುನ್ನಡೆಗೆ ತಂಡವನ್ನು ತಂದವರು ಅವರು ಎಂಬುದನ್ನು ಹೇಳದೆ ಇರಲಾಗದು.

ತಮ್ಮ ಪರವಾಗಿ ಒಂದು ಮಾತನ್ನು ನಾನೇ ಸೇರಿಸಬೇಕು. ಆ ಮೂರನೆಯ ಟೆಸ್ಟಿನ ಉತ್ತರಾರ್ಧದಲ್ಲಿ ಪೋರ್ಟರ್ ಅವರ ತಲೆ ಬ್ರೋಡಿ ರೆಟಾಲಿಕ್ ಅವರ ಮುಖಕ್ಕೆ ಬಡಿಯಿತು. ರೆಫರಿ ವೇಯ್ನ್ ಬಾರ್ನ್ಸ್ ತೋರಿಸಿದ್ದು ಹಳದಿ ಕಾರ್ಡ್, ಅಂದರೆ ಹತ್ತು ನಿಮಿಷ ಹೊರಗೆ. ಪೋರ್ಟರ್ ಮುನ್ನುಗ್ಗಿ ಹೊಡೆಯಲಿಲ್ಲ, ಬಂದ ಹೊಡೆತವನ್ನು ತಡೆದುಕೊಂಡರು ಎಂಬುದು ಅವರ ನಿರ್ಣಯವಾಗಿತ್ತು. ಡುನೆಡಿನ್‌ನಲ್ಲಿ ಕೆಂಪಾದದ್ದು ಇಲ್ಲಿ ಹಳದಿ ಏಕೆ ಎಂದು ನ್ಯೂಜಿಲೆಂಡಿನ ಅಭಿಮಾನಿಗಳು ಕೇಳಿದ್ದರಲ್ಲಿ ತಪ್ಪಿಲ್ಲ. ಆ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನನಗೆ ಬಾರ್ನ್ಸ್ ಅವರ ನಿರ್ಣಯವೇ ಸರಿ ಎನ್ನಿಸುತ್ತದೆ. ತಾವೂ ಒಮ್ಮೆ ನೋಡಿ ಬರೆಯಿರಿ, ಅದನ್ನು ಪ್ರಕಟಿಸುತ್ತೇವೆ.

— ಸಂಪಾದಕ