ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆಯೇ?

ಹದಿಮೂರು ವರ್ಷದ ಮಗಳು ಎರಡು ವರ್ಷಗಳಿಂದ ಶಾಲೆಯ 1500 ಮೀಟರ್ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದಾಳೆ, ಇದು ಹುಟ್ಟುಗುಣವೋ ಅಥವಾ ಒಳ್ಳೆಯ ಕೋಚ್ ಸಿಕ್ಕರೆ ಯಾರಿಗಾದರೂ ಬರುವಂಥದ್ದೋ, ಈಗಲೇ ಕಠಿಣ ತರಬೇತಿಗೆ ಸೇರಿಸಬೇಕೇ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳಿಂದ ಮಕ್ಕಳನ್ನು ದೂರದ ಓಟಕ್ಕೆ ತಯಾರು ಮಾಡುತ್ತಿದ್ದೇನೆ. ನನ್ನ ಉತ್ತರ ನಿಮಗೆ ಸ್ವಲ್ಪ ನಿರಾಸೆ ತರಬಹುದು. ಈ ವಯಸ್ಸಿನ ಗೆಲುವುಗಳಲ್ಲಿ ಪ್ರತಿಭೆ ಎಷ್ಟು, ತರಬೇತಿ ಎಷ್ಟು ಎಂದು ಲೆಕ್ಕ ಹಾಕುವ ಮೊದಲು, ಯಾರ ಮೈ ಮೊದಲು ಬೆಳೆಯಿತು ಎಂದು ನೋಡಬೇಕು. ಸ್ಟಾಪ್‌ವಾಚ್ ಹೆಚ್ಚಾಗಿ ಅಳೆಯುವುದು ಅದನ್ನೇ.

ನನ್ನ ಬಳಿ ಹದಿನಾಲ್ಕು ವರ್ಷದ ಇಬ್ಬರು ಹುಡುಗರಿದ್ದರು. ಒಬ್ಬನಿಗೆ ಆಗಲೇ ಮೀಸೆ ಚಿಗುರಿತ್ತು, ಇನ್ನೊಬ್ಬ ಅವನ ಭುಜಕ್ಕೂ ಬರುತ್ತಿರಲಿಲ್ಲ. 3000 ಮೀಟರ್ ಎಂದರೆ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು. ದೊಡ್ಡವನು ಮೊದಲ ಸುತ್ತನ್ನು 76 ಸೆಕೆಂಡಿನಲ್ಲಿ ಮುಗಿಸಿದ. ಐದನೆಯ ಸುತ್ತಿಗೆ 89 ಹಿಡಿಯಿತು. ಅಷ್ಟರಲ್ಲಿ ಭುಜಗಳು ಕಿವಿಗೆ ತಾಗುವಂತೆ ಏರಿದ್ದವು, ಗದ್ದ ಆಕಾಶ ನೋಡುತ್ತಿತ್ತು. ಆದರೂ ಗೆದ್ದ. ಚಿಕ್ಕವನು ನೂರು ಮೀಟರಿಗೂ ಹಿಂದೆ, ಏಳನೆಯವನಾಗಿ ಬಂದ. ನನ್ನ ಪುಸ್ತಕದಲ್ಲಿ ಅವನ ಮೊದಲ ಐದು ಸುತ್ತುಗಳು ಹೀಗಿದ್ದವು: 88, 89, 88, 88, 89. ಶೂ ಲೇಸ್ ಬಿಚ್ಚುತ್ತಾ, "ಸರ್, ಇಷ್ಟೇನಾ?" ಎಂದು ಕೇಳಿದ. ನಾನು ಅವನಿಗೆ ಉತ್ತರವನ್ನೂ ಕೊಡದೆ ಗೆದ್ದವನ ಬೆನ್ನು ತಟ್ಟಲು ಓಡಿದೆ.

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಗೆದ್ದವನಿಗೆ ವಾರಕ್ಕೆ ಮೂರು ದಿನ ಇಂಟರ್‌ವಲ್ ಓಟ, ಎಂದರೆ ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು ಮತ್ತೆ ಜೋರಾಗಿ ಓಡುವುದನ್ನು ಕೊಟ್ಟೆ. ಮೊಣಕಾಲಿನ ಕೆಳಗೆ ನೋಯುತ್ತದೆ ಎಂದಾಗ ನೋವು ಸಹಜ ಎಂದೆ. ಆ ಮೇಲೆ ಅವನು ಹೇಳುವುದನ್ನೇ ಬಿಟ್ಟ. ಕೊನೆಗೆ ಎಕ್ಸ್‌ರೇಯಲ್ಲಿ ಮೂಳೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಎರಡು ತಿಂಗಳ ನಂತರ ಒಮ್ಮೆ ಬಂದು ಓಡಿದ, ಮತ್ತೆ ಬರಲಿಲ್ಲ. ಆ ಚಿಕ್ಕವನು ಹದಿನೇಳಕ್ಕೆ ಗೇಣುದ್ದ ಬೆಳೆದ. ಅದೇ ಸಮಗತಿಯನ್ನು ಹಿಡಿದು ಈಗ ನನ್ನ ಗುಂಪಿನಲ್ಲೇ ಎಲ್ಲರಿಗಿಂತ ವೇಗವಾಗಿ ಓಡುತ್ತಾನೆ. ಅವನಿಗೆ ನಾನು ವಿಶೇಷವಾಗಿ ಏನನ್ನೂ ಕಲಿಸಲಿಲ್ಲ. ನನ್ನ ಗಮನ ಅವನ ಮೇಲೆ ಬೀಳದೇ ಇದ್ದದ್ದೇ ಅವನನ್ನು ಉಳಿಸಿರಬೇಕು.

ಹಾಗಾದರೆ ಹುಟ್ಟುಗುಣ ಸುಳ್ಳೇ? ಖಂಡಿತ ಅಲ್ಲ. ಆದರೆ ನಾವು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತೇವೆ. 1990ರ ದಶಕದಲ್ಲಿ ವ್ಯಾಯಾಮ ವಿಜ್ಞಾನಿ ಕ್ಲೋಡ್ ಬುಷಾರ್ ಮತ್ತು ಸಂಗಡಿಗರು ವ್ಯಾಯಾಮದ ರೂಢಿಯಿಲ್ಲದ ಕುಟುಂಬಗಳನ್ನು ಸೇರಿಸಿ, 20 ವಾರ ಎಲ್ಲರಿಗೂ ಒಂದೇ ಬಗೆಯ ಸೈಕಲ್ ವ್ಯಾಯಾಮ ಮಾಡಿಸಿದರು. ಮೈ ಒಂದು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಪ್ರಮಾಣ ಸರಾಸರಿ 400 ಮಿಲಿಲೀಟರ್ ಹೆಚ್ಚಿತು. ಸರಾಸರಿಯ ಒಳಗೆ ಇಣುಕಿದರೆ ಕೆಲವರಲ್ಲಿ ಏನೂ ಹೆಚ್ಚಿರಲಿಲ್ಲ, ಕೆಲವರಲ್ಲಿ ಒಂದು ಲೀಟರಿನಷ್ಟು ಏರಿತ್ತು. ಈ ವ್ಯತ್ಯಾಸದಲ್ಲಿ ಸುಮಾರು ಶೇ. 47ರವರೆಗೆ ಮನೆತನದ ಪಾಲು ಎಂದು ಅವರ ಅಂದಾಜು. ವ್ಯಾಯಾಮ ಮಾಡಿದವರು ಮಕ್ಕಳಲ್ಲ, ಓಟಗಾರರೂ ಅಲ್ಲ, ನಿಜ. ಆದರೂ ಇದನ್ನು ಓದಿದ ಮೇಲೆ "ಪ್ರತಿಭೆಯೋ ತರಬೇತಿಯೋ" ಎಂದು ಎರಡನ್ನು ಎದುರುಬದುರು ನಿಲ್ಲಿಸುವುದನ್ನು ನಾನು ಬಿಟ್ಟೆ. ತರಬೇತಿ ಮೈಗೆ ಹತ್ತುವುದೇ ಒಂದು ಹುಟ್ಟುಗುಣ, ಮತ್ತು ವರ್ಷಗಟ್ಟಲೆ ತರಬೇತಿ ಕೊಡದೆ ಅದು ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ನ್ಯೂಜಿಲೆಂಡಿನ ಓಟಗಾರ ಪೀಟರ್ ಸ್ನೆಲ್ ಅವರನ್ನೇ ನೋಡಿ. ಹದಿಹರೆಯದಲ್ಲಿ ಅವರ ಒಲವು ಟೆನಿಸ್ ಕಡೆಗಿತ್ತು, ಓಟವನ್ನು ಗಂಭೀರವಾಗಿ ಹಿಡಿದದ್ದು ಹತ್ತೊಂಬತ್ತರ ಸುಮಾರಿಗೆ. ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಅವರ ಗುರು. 800 ಮೀಟರ್ ಓಟಗಾರನನ್ನೂ ವಾರಕ್ಕೆ 160 ಕಿಲೋಮೀಟರ್ ಓಡಿಸಿದ ಮನುಷ್ಯ ಅವರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಸ್ನೆಲ್ 800 ಮೀಟರಿನಲ್ಲೂ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್ಬರ್ಗ್ 5000 ಮೀಟರಿನಲ್ಲೂ ಚಿನ್ನ ಗೆದ್ದರು. ಕೆಲವು ದಿನಗಳ ನಂತರ ಅದೇ ಬಳಗದ ಬ್ಯಾರಿ ಮ್ಯಾಗೀ ಮ್ಯಾರಥಾನಿನಲ್ಲಿ ಕಂಚು ತಂದರು. ಹಾಲ್ಬರ್ಗ್ ಅವರ ಎಡಗೈ ರಗ್ಬಿ ಆಟದ ಪೆಟ್ಟಿನಿಂದ ಶಕ್ತಿ ಕಳೆದುಕೊಂಡಿತ್ತು. ಒಂದೇ ಊರಿನ ಒಬ್ಬ ಕೋಚ್‌ನ ಸುತ್ತ ಇಷ್ಟು ಪ್ರತಿಭೆ ಕಾಕತಾಳೀಯವಾಗಿ ಹುಟ್ಟಿತ್ತೆಂದು ನಂಬುವುದು ನನಗೆ ಕಷ್ಟ. ಅಂಥ ಪ್ರತಿಭೆ ಬೇರೆ ಊರುಗಳಲ್ಲೂ ಇದ್ದು, ಯಾರೂ ಓಡಿಸದೆ ಹಾಗೆಯೇ ಉಳಿದಿರಬೇಕು.

ಇದಕ್ಕೆ ಎದುರು ವಾದವನ್ನು ನಾನೇ ಹೂಡುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿದ ಕೀನ್ಯಾದ ಡೇವಿಡ್ ರುಡಿಶಾ ಅವರ ತಂದೆ 1968ರ ಒಲಿಂಪಿಕ್ಸ್ ರಿಲೇಯಲ್ಲಿ ಬೆಳ್ಳಿ ಗೆದ್ದವರು. ರಕ್ತದಲ್ಲಿ ಇತ್ತು ಎನ್ನಲು ಇಷ್ಟು ಸಾಕಲ್ಲವೇ? ಆದರೆ ಡೇವಿಡ್ ಅವರಿಗೆ ಕೋಚ್ ಆಗಿ ಸಿಕ್ಕಿದ್ದು ಕೋಲ್ಮ್ ಓಕಾನಲ್. ಐರ್ಲೆಂಡಿನಿಂದ 1976ರಲ್ಲಿ ಕೀನ್ಯಾದ ಇಟೆನ್‌ಗೆ ಭೂಗೋಳ ಕಲಿಸಲು ಬಂದ ಕ್ಯಾಥೊಲಿಕ್ ಬ್ರದರ್‌ಗಳ ಬಳಗದ ಮೇಷ್ಟ್ರು, ಅಥ್ಲೆಟಿಕ್ಸ್‌ನ ಪಾಠ ಓದಿದವರಲ್ಲ. ಎಳೆಯರನ್ನು ನಿಧಾನವಾಗಿ ಓಡಿಸಿ, ಕೈಕಾಲಿನ ಲಯ ತಿದ್ದುತ್ತಾ ಕಾಯುವುದು ಅವರ ರೀತಿ. ನಾರ್ವೆಯ ಇಂಗೆಬ್ರಿಗ್ಟ್‌ಸೆನ್ ಅಣ್ಣತಮ್ಮಂದಿರ ಕಥೆ ಇನ್ನೂ ತೊಡಕಿನದು. ಹೆನ್ರಿಕ್ 2012ರಲ್ಲಿ, ಫಿಲಿಪ್ 2016ರಲ್ಲಿ, ಯಾಕೊಬ್ 2018ರಲ್ಲಿ 1500 ಮೀಟರಿನ ಯುರೋಪ್ ಚಾಂಪಿಯನ್ನರಾದರು. ಆಗ ಮೂವರಿಗೂ ತಂದೆಯೇ ಕೋಚ್ ಆಗಿದ್ದರು. ರಕ್ತವೂ ಒಂದೇ, ತರಬೇತಿಯೂ ಒಂದೇ. ಯಾವುದಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಇನ್ನು ನಿಮ್ಮ ಮಗಳ ವಿಷಯ. ಹದಿಮೂರರಿಂದ ಹದಿನಾರರೊಳಗೆ ಅನೇಕ ಹುಡುಗಿಯರ ವೇಗ ಒಂದೆರಡು ವರ್ಷ ನಿಂತುಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ. ಮೈ ಹೆಣ್ಣಾಗುತ್ತಿದೆ, ತೂಕ ಕೂಡುತ್ತಿದೆ, ಅಷ್ಟೇ. ಆ ಹೊತ್ತಿನಲ್ಲಿ "ಸ್ವಲ್ಪ ತೂಕ ಇಳಿಸು" ಎನ್ನುವ ಕೋಚ್ ಇದ್ದರೆ ಮಗಳನ್ನು ಅಂದೇ ಮನೆಗೆ ಕರೆದುಕೊಂಡು ಬನ್ನಿ. ಊಟ ಕಡಿಮೆಯಾಗಿ ಮುಟ್ಟು ನಿಂತರೆ ಮೂಳೆ ಸವೆಯುತ್ತದೆ, ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ. ಮುಟ್ಟು ನಿಂತದ್ದು ಹುಡುಗಿ ಚೆನ್ನಾಗಿ ಪಳಗಿದ್ದಾಳೆ ಎಂಬುದರ ಗುರುತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಪೋಷಕರು ನನಗೆ ಆಗಾಗ ಹೇಳುತ್ತಾರೆ. ದೂರದ ಓಟದಲ್ಲಿ ಗಿಡವನ್ನು ಬಗ್ಗಿಸಲು ಹೋಗಿ ಮುರಿದದ್ದೇ ಹೆಚ್ಚು. ಈಗ ವಾರಕ್ಕೆ ಮೂರು ನಾಲ್ಕು ದಿನ, ಮಾತಾಡುತ್ತಾ ಓಡಬಲ್ಲಷ್ಟು ವೇಗದಲ್ಲಿ ಓಡಿದರೆ ಸಾಕು. ಜೊತೆಗೆ ಇನ್ನೊಂದು ಆಟ ಇರಲಿ. ಕೋಚ್ ಬೇಕೇ ಬೇಕು ಎಂದಾದರೆ ಅವರ ಪದಕಗಳ ಕಪಾಟನ್ನು ನೋಡಬೇಡಿ. ಐದು ವರ್ಷದ ಹಿಂದೆ ಅವರ ಬಳಿ ಇದ್ದ ಹದಿಮೂರರ ಮಕ್ಕಳಲ್ಲಿ ಇವತ್ತಿಗೂ ಎಷ್ಟು ಮಂದಿ ಓಡುತ್ತಿದ್ದಾರೆ ಎಂದು ಕೇಳಿ. ಆ ದಿನಗಳಲ್ಲಿ ಯಾರಾದರೂ ನನಗೆ ಇದನ್ನು ಕೇಳಿದ್ದರೆ ನಾನು ಪದಕಗಳ ಕಪಾಟನ್ನೇ ತೋರಿಸುತ್ತಿದ್ದೆ.