ತಂಗೀ, ವಾರ್ಡಿನಲ್ಲೇ ಒಬ್ಬರಿಗೆ ಹೇಳು

ತಂಗೀ, ನಿನ್ನ ಮೆಸೇಜ್ ಎರಡು ಸಲ ಓದಿದೆ. ನರ್ಸ್ ಕೆಲಸಕ್ಕೆ ಅಂತ ಮ್ಯಾಂಚೆಸ್ಟರ್‌ಗೆ ಹೋಗಿ ಮೂರು ತಿಂಗಳು. ಕೆಲಸ ಕೈಗೆ ಹತ್ತುತ್ತಿದೆ, ಆದರೆ ನಿದ್ದೆ ಇಲ್ಲ, ಎದೆ ಭಾರ. "ಎಲ್ಲರಿಗೂ ಹೀಗೇ ಆಗ್ತದೇನಕ್ಕಾ?" ಅಂತ ಕೇಳಿದ್ದೀಯ. ನನಗೂ ಆಗಿತ್ತು.

ರಜೆಗೆ ವಿಜಯಪುರಕ್ಕೆ ಬಂದಿದ್ದೇನೆ, ಸಿದ್ಧೇಶ್ವರ ಜಾತ್ರೆ ನಡೆದಿದೆ. ಇಲ್ಲಿ ಕಟ್ಟೆ ಮೇಲೆ ಐದು ನಿಮಿಷ ಸುಮ್ನೆ ಕೂತರೆ ಸಾಕು, "ಯಾಕವ್ವಾ, ಮಾರಿ ಸಣ್ಣ ಮಾಡೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಹಾಗೆ ಕೇಳಲು ಜನ ಹಿಂಜರಿಯುತ್ತಾರೆ. ಕಾಳಜಿ ಇಲ್ಲ ಅಂತಲ್ಲ. ನೀನೇ ಬಾಯಿ ಬಿಡಬೇಕು. ಇದು ತಿಳಿಯಲು ನನಗೆ ಇಡೀ ಒಂದು ಚಳಿಗಾಲ ಹಿಡಿಯಿತು.

ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ ರಾತ್ರಿ 8ಕ್ಕೆ ಹೊರಗೆ ಬರುತ್ತಿದ್ದೆ. ಅವ್ವನ ಜೊತೆ ಮಾತಾಡೋಣ ಅಂತ ಫೋನ್ ತೆಗೆದರೆ ಊರಲ್ಲಿ ನಡುರಾತ್ರಿ 1.30. ಮತ್ತೆ ಜೇಬಿಗೆ. ರಜೆಯ ದಿನ ಮಾತಾಡಿದರೂ "ಆರಾಮಿದ್ದೀನವ್ವಾ" ಅಷ್ಟೇ.

ಒಮ್ಮೆ ಹ್ಯಾಂಡೋವರ್‌ನಲ್ಲಿ (ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು) ಎಲ್ಲರ ಮುಂದೆ ತಡವರಿಸಿದೆ. ತಡೆಯಲಾಗದೆ, ಫಿಲಿಪ್ಪೀನ್ಸಿನ ಒಬ್ಬ ಹಿರಿಯ ನರ್ಸ್ ಹತ್ತಿರ "ಇಲ್ಲಿನವರ ಮಾತು ನನಗೆ ಅರ್ಥವಾಗುತ್ತಿಲ್ಲ" ಅಂದುಬಿಟ್ಟೆ. ಅವರು ಚಹಾ ಕಪ್ ನನ್ನ ಕಡೆ ಸರಿಸಿ, ವಾರ್ಡಿನಲ್ಲಿ ದಿನಾ ಬಳಸುವ ಹತ್ತು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಅವತ್ತು ನಿದ್ದೆ ಬಂತು. ಅವ್ವನ ಪ್ರೀತಿ ದೊಡ್ಡದೇ, ಆದರೆ ಅವಳಿಗೆ ಆ ವಾರ್ಡ್ ಗೊತ್ತಿಲ್ಲ, ಅಲ್ವಾ?

ಸ್ವೀಡನ್ನಿನ ಕೆಲಸಗಾರರ ಬಗ್ಗೆ 1988ರಲ್ಲಿ ಒಂದು ಅಧ್ಯಯನ ಬಂದಿತ್ತು. ಕೆಲಸದ ಹೊರೆ ಜಾಸ್ತಿ, ತನ್ನ ಕೈಯಲ್ಲಿ ಏನೂ ಇಲ್ಲ, ಜೊತೆಗಾರರ ಆಸರೆಯೂ ಇಲ್ಲ ಅನ್ನುವಂಥವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಮನಸ್ಸಿನದ್ದು ಮನಸ್ಸಲ್ಲೇ ನಿಲ್ಲುವುದಿಲ್ಲ, ತಂಗೀ.

ಬ್ರಿಟನ್ನಿನಲ್ಲಿ ಕೆಲಸದ ಒತ್ತಡ ನೋಡಲು ಸರ್ಕಾರದ ಸುರಕ್ಷತಾ ಸಂಸ್ಥೆ ಹೇಳುವ ಆರು ಅಂಶಗಳಲ್ಲಿ ಬೆಂಬಲವೂ ಒಂದು. ಹಾಗಾಗಿ "ನನಗೆ ಹೇಳಿಕೊಡಲು ಒಬ್ಬರನ್ನು ಗೊತ್ತು ಮಾಡಿ" ಅಂತ ಮ್ಯಾನೇಜರ್‌ಗೆ ಕೇಳು. ಅದು ಬೇಡುವುದಲ್ಲ. ನಿದ್ದೆಗೆ ನಿನ್ನ ಜಿಪಿ (ಅಲ್ಲಿನ ಫ್ಯಾಮಿಲಿ) ಡಾಕ್ಟರನ್ನೂ ಕಾಣು, ಮುಂದೂಡಬೇಡ. ತೀರಾ ಕಷ್ಟ ಅನ್ನಿಸಿದರೆ ಸಮಾರಿಟನ್ಸ್ ಅನ್ನುವ ಸಹಾಯವಾಣಿ ಇದೆ, ಸಂಖ್ಯೆ 116 123. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ.

ಫೆಬ್ರವರಿ ಮೊದಲ ವಾರ ವಾಪಸ್ ಬರುತ್ತೇನೆ, ಶೇಂಗಾ ಹಿಂಡಿ ತರುತ್ತೇನೆ. ಅಲ್ಲಿವರೆಗೆ ಡ್ಯೂಟಿ ಮುಗಿಸಿ 8ಕ್ಕೇ ನನಗೆ ಫೋನ್ ಮಾಡು. ಇಲ್ಲಿ 1.30 ಆಗಿದ್ದರೂ ಎತ್ತುತ್ತೇನೆ.