ಮನೆಯವರೆಲ್ಲ ಇಂಟರ್‌ನೆಟ್ ಬಳಸುವಾಗ ಆಟದ ಪಿಂಗ್ ಏರುವುದೇಕೆ?

ಪ್ರಶ್ನೆ: ನಮ್ಮ ಮನೆಯ ಇಂಟರ್‌ನೆಟ್ ಸಂಪರ್ಕದ ವೇಗ ಡೌನ್‌ಲೋಡ್‌ಗೆ 100 ಎಂಬಿಪಿಎಸ್, ಅಪ್‌ಲೋಡ್‌ಗೆ 10 ಎಂಬಿಪಿಎಸ್. ನಾಲ್ವರು ಅದನ್ನೇ ಹಂಚಿಕೊಂಡಿದ್ದೇವೆ. ಮಗ ಆನ್‌ಲೈನ್ ಆಟವಾಡುವಾಗ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಸಾಮಾನ್ಯವಾಗಿ 25 ಮಿಲಿಸೆಕೆಂಡ್ ಇರುತ್ತದೆ. ಆದರೆ ಯಾರದಾದರೂ ಫೋನು ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದರೆ ಅದು 400 ದಾಟುತ್ತದೆ. ರೂಟರ್‌ನಲ್ಲಿ ‘ಗೇಮಿಂಗ್ ಮೋಡ್’ ಆನ್ ಮಾಡಿದರೂ ವ್ಯತ್ಯಾಸ ಕಾಣಲಿಲ್ಲ. 300 ಎಂಬಿಪಿಎಸ್ ಪ್ಲಾನ್‌ಗೆ ಬದಲಾಯಿಸಬೇಕೆ? ಆಟಕ್ಕೆ ಆದ್ಯತೆ ಕೊಟ್ಟರೆ ನನ್ನ ಕಚೇರಿಯ ವಿಡಿಯೊ ಕರೆಗಳಿಗೆ ತೊಂದರೆಯಾದೀತೆ?

ಉತ್ತರ: ಸದ್ಯಕ್ಕೆ ಪ್ಲಾನ್ ಬದಲಿಸಬೇಡಿ. ನಿಮ್ಮ ತೊಂದರೆ ಡೌನ್‌ಲೋಡ್ ವೇಗದ್ದಲ್ಲ, ಅಪ್‌ಲೋಡ್ ದಾರಿಯಲ್ಲಿ ಬೆಳೆಯುವ ಸಾಲಿನದು. ಆಟವು ಕಳುಹಿಸುವ ಪ್ಯಾಕೆಟ್‌ಗಳು, ಎಂದರೆ ದತ್ತಾಂಶದ ತುಣುಕುಗಳು, ತೀರಾ ಚಿಕ್ಕವು. ಹೆಚ್ಚಿನ ಆಟಗಳಿಗೆ 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಅವುಗಳಿಗೆ ಬೇಕಾದದ್ದು ತಡೆಯಿಲ್ಲದೆ ಹೊರಡುವ ಅವಕಾಶ ಮಾತ್ರ. ಫೋಟೊ ಏರಿಸುವ ಫೋನು ಹಾಗಲ್ಲ. ದಾರಿ ತುಂಬಿ, ಪ್ಯಾಕೆಟ್‌ಗಳು ಕಳೆದುಹೋಗತೊಡಗುವವರೆಗೂ ಅದು ವೇಗವನ್ನು ಏರಿಸುತ್ತಲೇ ಹೋಗುತ್ತದೆ. ಮೋಡೆಮ್‌ನಲ್ಲಿ ದೊಡ್ಡ ಬಫರ್ (ಪ್ಯಾಕೆಟ್‌ಗಳು ಕಾಯುವ ತಾತ್ಕಾಲಿಕ ಜಾಗ) ಇದ್ದರೆ ಪ್ಯಾಕೆಟ್‌ಗಳು ಕಳೆದುಹೋಗುವ ಬದಲು ಅಲ್ಲಿಯೇ ಸಾಲುಗಟ್ಟುತ್ತವೆ. ಸ್ವಲ್ಪ ಲೆಕ್ಕ ಹಾಕಿ ನೋಡಿ: 500 ಕಿಲೋಬೈಟ್ ಎಂದರೆ 40 ಲಕ್ಷ ಬಿಟ್, 10 ಎಂಬಿಪಿಎಸ್ ದಾರಿಯಲ್ಲಿ ಅದು ಕರಗಲು 400 ಮಿಲಿಸೆಕೆಂಡ್ ಬೇಕು. ಒಂದು ಸಣ್ಣ ಫೋಟೊದಷ್ಟೂ ಇಲ್ಲದ ಆ ದತ್ತಾಂಶದ ಹಿಂದೆ ನಿಮ್ಮ ಮಗನ ಆಟದ ಪ್ಯಾಕೆಟ್ ಸರದಿಗಾಗಿ ಕಾಯುತ್ತಿರುತ್ತದೆ. ಈ ದೋಷಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರಿದೆ. ಹೊಸ ಪ್ಲಾನ್‌ನಲ್ಲೂ ಅಪ್‌ಲೋಡ್ 10 ಎಂಬಿಪಿಎಸ್ ಆಗಿಯೇ ಉಳಿಯುವುದಾದರೆ, ಹೆಚ್ಚು ಹಣ ತೆತ್ತೂ ಇದೇ 400 ಅನ್ನು ನೋಡುತ್ತೀರಿ.

ಇದು ನಿಜವೇ ಎಂದು ಖಚಿತಪಡಿಸಿಕೊಳ್ಳಲು ಹತ್ತು ನಿಮಿಷ ಸಾಕು. ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿದ ಕಂಪ್ಯೂಟರ್‌ನಿಂದ ಹೊರಗಿನ ಯಾವುದಾದರೂ ಸರ್ವರ್‌ಗೆ ಪಿಂಗ್ ಆದೇಶವನ್ನು ನಿಲ್ಲದಂತೆ ಓಡಿಸಿ. ಮೊದಲು ಎಲ್ಲರ ಬಳಕೆಯೂ ನಿಂತಿರುವಾಗ, ಅನಂತರ ಫೋನಿನಿಂದ ದೊಡ್ಡದೊಂದು ವಿಡಿಯೊ ಏರಿಸುತ್ತಿರುವಾಗ ಬರುವ ಸಂಖ್ಯೆಗಳನ್ನು ಹೋಲಿಸಿ. ಅಪ್‌ಲೋಡ್ ಆರಂಭವಾದೊಡನೆ 25, 26 ಎಂದು ಬರುತ್ತಿದ್ದ ಅಂಕಿಗಳು 180, 310, 395 ಎಂದು ಮೇಲೇರಿ, ಅದನ್ನು ನಿಲ್ಲಿಸಿದ ಮರುಗಳಿಗೆಯಲ್ಲೇ ಇಳಿದರೆ ದೋಷ ಬಫರ್‌ನದೇ. ಯಾರೂ ಏನೂ ಬಳಸದಿರುವಾಗಲೂ ವೈಫೈನಲ್ಲಿ ಪಿಂಗ್ ಹೊಯ್ದಾಡುತ್ತಿದ್ದರೆ ರೂಟರ್‌ನ ವಿಳಾಸಕ್ಕೇ ಪಿಂಗ್ ಮಾಡಿ ನೋಡಿ. ಅಲ್ಲಿಯೂ ಹೊಯ್ದಾಟವಿದ್ದರೆ ತೊಂದರೆ ವೈಫೈನದು. ಅದಕ್ಕೆ ಕೇಬಲ್, ಅದು ಸಾಧ್ಯವಾಗದಿದ್ದರೆ 5 ಗಿಗಾಹರ್ಟ್ಸ್ ಬ್ಯಾಂಡ್ ಮದ್ದೇ ಹೊರತು ಆದ್ಯತೆಯ ನಿಯಮಗಳಲ್ಲ.

ಇನ್ನು ‘ಗೇಮಿಂಗ್ ಮೋಡ್’. ಆ ಹೆಸರಿನ ಬಟನ್‌ನ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ರೂಟರ್ ತನ್ನಲ್ಲಿರುವ ಸಾಲನ್ನು ಮಾತ್ರ ಹಿಂದುಮುಂದು ಮಾಡಬಲ್ಲದು. ರೂಟರ್‌ನಿಂದ ಮೋಡೆಮ್‌ಗೆ ಹೋಗುವ ತಂತಿ ಗಿಗಾಬಿಟ್ ವೇಗದ್ದಾಗಿದ್ದು, ಅಲ್ಲಿಂದಾಚೆಗಿನ ದಾರಿ 10 ಎಂಬಿಪಿಎಸ್‌ನದಾದರೆ ಸಾಲು ಬೆಳೆಯುವುದು ಮೋಡೆಮ್‌ನಲ್ಲಿ. ಅಲ್ಲಿ ರೂಟರ್‌ನ ಆದ್ಯತೆಯನ್ನು ಕೇಳುವವರೇ ಇಲ್ಲ. ಆದ್ದರಿಂದ ಮೊದಲು ಮಾಡಬೇಕಾದದ್ದು ಸಾಲನ್ನು ರೂಟರ್‌ನೊಳಕ್ಕೆ ಎಳೆದುಕೊಳ್ಳುವುದು. ರೂಟರ್‌ನ ಕ್ಯೂಓಎಸ್ ಪುಟದಲ್ಲಿ (ಯಾವ ದತ್ತಾಂಶಕ್ಕೆ ಆದ್ಯತೆ ಎಂದು ನಿಗದಿಪಡಿಸುವ ಪುಟ) ಸಾಮಾನ್ಯವಾಗಿ ವೇಗದ ಮಿತಿಯನ್ನು ನಮೂದಿಸುವ ಜಾಗವಿರುತ್ತದೆ. ಅಲ್ಲಿ ಪ್ಲಾನ್‌ನಲ್ಲಿ ಹೇಳಿದ ಅಂಕಿಯನ್ನಲ್ಲ, ನೀವೇ ಅಳೆದ ವೇಗದ ಸುಮಾರು 90 ಶೇಕಡಾವನ್ನು, ಎಂದರೆ ಅಪ್‌ಲೋಡ್‌ಗೆ 9, ಡೌನ್‌ಲೋಡ್‌ಗೆ 90 ಎಂದು ಬರೆಯಿರಿ. ಆ ಹತ್ತನೇ ಒಂದು ಭಾಗವನ್ನು ಕಳೆದುಕೊಂಡದ್ದು ಯಾರಿಗೂ ತಿಳಿಯುವುದಿಲ್ಲ; ಪಿಂಗ್‌ನಲ್ಲಿ ಮಾತ್ರ ತಿಳಿಯುತ್ತದೆ.

ರೂಟರ್‌ನಲ್ಲಿ ‘ಎಸ್‌ಕ್ಯೂಎಂ’, ‘ಎಫ್‌ಕ್ಯೂ-ಕೋಡೆಲ್’ ಅಥವಾ ‘ಕೇಕ್’ ಎಂಬ ಆಯ್ಕೆ (ಸಾಲು ಬೆಳೆಯದಂತೆ ನೋಡಿಕೊಳ್ಳುವ ವಿಧಾನಗಳ ಹೆಸರುಗಳಿವು) ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಸಾಲಿನ ಉದ್ದವನ್ನಲ್ಲ, ಪ್ಯಾಕೆಟ್ ಅಲ್ಲಿ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ಅಳೆಯುತ್ತದೆ. ಕಾಯುವಿಕೆ ಇಳಿಯದೆ 5 ಮಿಲಿಸೆಕೆಂಡ್‌ಗಿಂತ ಮೇಲೆಯೇ ನಿಂತರೆ ಪ್ಯಾಕೆಟ್‌ಗಳನ್ನು ಕೈಬಿಟ್ಟು, ಕಳುಹಿಸುವವರ ವೇಗ ತಗ್ಗುವಂತೆ ಮಾಡುತ್ತದೆ. ಎಫ್‌ಕ್ಯೂ-ಕೋಡೆಲ್ ಇದರ ಜೊತೆಗೆ ಪ್ರತಿಯೊಂದು ಹರಿವಿಗೂ ಬೇರೆ ಸಾಲನ್ನೇ ಕೊಡುತ್ತದೆ. ಹಾಗಾಗಿ ಸಾವಿರಾರು ಫೋಟೊ ಪ್ಯಾಕೆಟ್‌ಗಳು ತಮ್ಮ ಸಾಲಿನಲ್ಲಿ ನಿಂತಿದ್ದರೂ ಆಟದ ಒಂಟಿ ಪ್ಯಾಕೆಟ್ ಪಕ್ಕದಿಂದ ಹಾದುಹೋಗುತ್ತದೆ, ಅದೂ ನೀವು ಆಟಕ್ಕೆಂದು ಯಾವ ನಿಯಮವನ್ನೂ ಬರೆಯದೆ.

ಈ ಆಯ್ಕೆಗಳಿಲ್ಲದ ರೂಟರ್‌ನಲ್ಲಿ ಮಾತ್ರ ಆದ್ಯತೆಯ ಪಟ್ಟಿ ಬೇಕಾಗುತ್ತದೆ. ಆಗ ಆಟದ ಸಾಧನಕ್ಕೆ ಸ್ಥಿರ ಐಪಿ ವಿಳಾಸ ಕೊಟ್ಟು ಅದನ್ನು ಮೇಲಿನ ವರ್ಗದಲ್ಲಿ ಇರಿಸಿ; ನಿಮ್ಮ ವಿಡಿಯೊ ಕರೆಗಳೂ ಅದೇ ವರ್ಗದಲ್ಲಿರಲಿ. ಎರಡೂ ಸೇರಿದರೂ 10 ಎಂಬಿಪಿಎಸ್ ಅನ್ನು ಸಾಮಾನ್ಯವಾಗಿ ತುಂಬಲಾರವಾದ್ದರಿಂದ ಜಗಳಕ್ಕೆ ಕಾರಣವಿಲ್ಲ. ಕೆಳಕ್ಕೆ ತಳ್ಳಬೇಕಾದದ್ದು ಫೋಟೊ ಬ್ಯಾಕಪ್ಪನ್ನು. ಆದರೆ ಇಲ್ಲಿ ಹಲವರು ಎಡವುವ ಒಂದು ಕಲ್ಲಿದೆ: ಇಡೀ ಗೇಮಿಂಗ್ ಕನ್ಸೋಲ್‌ಗೆ ಅಗ್ರಸ್ಥಾನ ಕೊಟ್ಟರೆ, ಅದು ಹತ್ತಾರು ಗಿಗಾಬೈಟ್‌ನ ಅಪ್‌ಡೇಟ್ ಇಳಿಸಿಕೊಳ್ಳುವಾಗಲೂ ಆ ಸ್ಥಾನವನ್ನೇ ಅನುಭವಿಸುತ್ತದೆ, ನಿಮ್ಮ ಕರೆ ಅರ್ಧದಲ್ಲಿ ತಡವರಿಸುತ್ತದೆ. ಅಪ್‌ಡೇಟ್‌ಗಳನ್ನು ರಾತ್ರಿಗೆ ಮುಂದೂಡಿ.

ಇಷ್ಟಾದರೂ ಪಿಂಗ್ 25ಕ್ಕಿಂತ ಕೆಳಗಿಳಿಯುವುದಿಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 5,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿಬರಲು ಅದಕ್ಕೇ 50 ಮಿಲಿಸೆಕೆಂಡ್ ಬೇಕು. ಆಟದಲ್ಲಿ ಸರ್ವರ್ ಆರಿಸಿಕೊಳ್ಳುವ ಅವಕಾಶವಿದ್ದರೆ ಹತ್ತಿರದ್ದನ್ನೇ ಆರಿಸಿಕೊಳ್ಳಲಿ.

ಪ್ರಶ್ನೆ: ಸಂಪರ್ಕದೊಡನೆ ಬಂದ ನಮ್ಮ ಮೋಡೆಮ್-ರೂಟರ್‌ನಲ್ಲಿ ಕ್ಯೂಓಎಸ್ ಪುಟವೇ ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ವೇಗವನ್ನು ಮೂಲದಲ್ಲೇ ಕಟ್ಟಿಹಾಕಿ: ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು, ಕೆಲವು ಕ್ಲೌಡ್ ಬ್ಯಾಕಪ್ ತಂತ್ರಾಂಶಗಳಲ್ಲಿ ಅಪ್‌ಲೋಡ್‌ಗೂ ಅಂಥದೇ ಮಿತಿಯಿದೆ. ಅದು ಸಾಲದಾದರೆ ಎಸ್‌ಕ್ಯೂಎಂ ಇರುವ ರೂಟರ್ ಒಂದನ್ನು ಕೊಂಡು, ಈಗಿನ ಸಾಧನವನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್‌ನ ಕೆಲಸ ಬಿಟ್ಟು ಮೋಡೆಮ್ ಆಗಿ ಮಾತ್ರ ದುಡಿಯುವ ಸ್ಥಿತಿ) ಹಾಕಿ, ಹೊಸದನ್ನು ಅದರ ಹಿಂದೆ ಜೋಡಿಸಿ. ಕೊಳ್ಳುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ: ಎಸ್‌ಕ್ಯೂಎಂ ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರ್‌ನ ಮೂಲಕ ಹಾಯಿಸುತ್ತದೆಯಾದ್ದರಿಂದ, ಅಗ್ಗದ ರೂಟರ್‌ಗಳು 100 ಎಂಬಿಪಿಎಸ್‌ವರೆಗೆ ಸಂಭಾಳಿಸಿದರೂ 500ರ ಸಂಪರ್ಕದಲ್ಲಿ ಏದುಸಿರು ಬಿಡುವುದುಂಟು.